ಕಪಾಟಿಗೆ ಸೇರದ ಪುಸ್ತಕ

ನಾಸಿಕ್ ರೋಡ್
8 ಮಾರ್ಚ್ 2026, ಭಾನುವಾರ

ತಮ್ಮ ಸಂಗಮನಾಥನಿಗೆ ನಿನ್ನ ಜಗದೇವಿ ಅಕ್ಕನ ಶರಣು, ಮತ್ತು ಹಿರಿಯಳೆಂಬ ಹಕ್ಕಿನಿಂದ ಒಂದು ಆಶೀರ್ವಾದ.

ನೀನೂ ರಂಜನಿಯೂ ಆರಾಮ ಇದ್ದೀರೆಂದು ತಿಳಿದಿದ್ದೇನೆ. ಉತ್ತರ ತಡವಾಯಿತು, ಬೇಜಾರಾಗಬೇಡ. 'ಕಪಾಟು ಬಂತಾ ಅಕ್ಕಾ, ಯಾವ್ಯಾವ ಪುಸ್ತಕ ಇಟ್ಟಿ?' ಎಂದು ನೀನು ಮೊಬೈಲಿಗೆ ಕಳಿಸಿದ್ದನ್ನೆಲ್ಲ ಓದಿದ್ದೇನೆ. ಓದಿದ್ದೇನೆಂದು ನಿನಗೂ ಆ ನೀಲಿ ಗುರುತಿನಿಂದ ಗೊತ್ತಾಗಿರುತ್ತದೆ. ಬೇಕೆಂದೇ ಉತ್ತರ ಕೊಡಲಿಲ್ಲ. ಫೋನು ಹಿಡಿದರೆ ನನಗೆ ಸಿಟ್ಟಾದರೂ ಬರುತ್ತದೆ, ಅಳುವಾದರೂ ಬರುತ್ತದೆ. ಎರಡನ್ನೂ ಕೇಳುವ ವ್ಯವಧಾನ ನಿನಗಿಲ್ಲ, ವಾಳೂಜ್ ಕಾರ್ಖಾನೆಯ ಬಸ್ಸಿಗೆ ಹೊತ್ತಾಯಿತೆಂದು ಇಟ್ಟುಬಿಡುತ್ತೀ. ಕಾಗದವನ್ನು ನಡುವೆ ಕಟ್ ಮಾಡಲು ಬರುವುದಿಲ್ಲವಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಮನೆ ಸುದ್ದಿ. ಕುಂಭಮೇಳದ ಹೆಸರಿನಲ್ಲಿ ಊರ ರಸ್ತೆಗಳನ್ನೆಲ್ಲ ಅಗೆದು ಹಾಕಿದ್ದಾರೆ, ಸ್ಟೇಷನ್ನಿನಿಂದ ನಮ್ಮ ಮನೆಗೆ ಬರುವ ರಿಕ್ಷಾದವರು ಊರೆಲ್ಲ ಸುತ್ತಿಸಿ ತರುತ್ತಾರೆ. ಎಷ್ಟು ಒರೆಸಿದರೂ ಮನೆಯಲ್ಲಿ ಧೂಳು. ನಿನ್ನ ಭಾವನವರ ಮೊಣಕಾಲು ನೋವು ಹಾಗೇ ಇದೆ. ನೋಟಿನ ಪ್ರೆಸ್ಸಿನಿಂದ ನಿವೃತ್ತರಾದ ಮೇಲೆ ಆ ಮೊಣಕಾಲನ್ನು ವಿಚಾರಿಸಿಕೊಳ್ಳುವುದೇ ಅವರಿಗೊಂದು ನೌಕರಿಯಾಗಿದೆ. ಕೆಳಗಿನ ಮನೆಯ ಅಲಕಾತಾಯಿ ತಮ್ಮ ತೋಟದ ದ್ರಾಕ್ಷಿ ಕಳಿಸಿದ್ದರು, ಚೆನ್ನಾಗಿತ್ತು.

ಕಪಾಟು ಬಂತು. ಹಾಲಿನ ಆ ಕಡೆ ಗೋಡೆಗೆ, ಕಿಟಕಿಯ ಬಿಸಿಲು ನೇರ ಬೀಳದ ಹಾಗೆ ಇಡಿಸಿದ್ದೇವೆ, ನೀನು ಹೇಳಿದಂತೆಯೇ. ಫೋಟೊ ಕಲಿಯುವ ಮಗಳಿಗೆ ಮನೆಯಲ್ಲೊಂದು ಫೋಟೊ ಪುಸ್ತಕಗಳ ಲೈಬ್ರರಿ ಬೇಕು ಎಂದು ವೈಷ್ಣವಿ ಹಟ ಹಿಡಿದಾಗ ನಾನು ನಕ್ಕಿದ್ದೆ. ಓದಲು ಒಂದಕ್ಷರ ಇಲ್ಲದ ಪುಸ್ತಕವನ್ನು ಯಾರಾದರೂ ಕೊಳ್ಳುತ್ತಾರೇನು ಎಂದಿದ್ದೆ. ದೀಪಾವಳಿಗೆ ನಿಮ್ಮ ಮನೆಗೆ ಬಂದಾಗ ನೀನು ನಿನ್ನ ಪುಸ್ತಕಗಳನ್ನೆಲ್ಲ ಚಾಪೆಯ ಮೇಲೆ ಹರವಿ ನನ್ನ ಬಾಯಿ ಮುಚ್ಚಿಸಿದೆ. ಹೊಳೆಯುವ ಹಾಳೆಗೆ ಮರುಳಾಗಬೇಡ, ಅಂಗಡಿಯಲ್ಲಿ ನಿಂತು ಪುಸ್ತಕವನ್ನು ಹಿಂದಿನಿಂದ ಮುಂದಕ್ಕೆ ಒಮ್ಮೆ ತಿರುವು, ಎರಡನೆಯ ಸಲಕ್ಕೂ ಕೈ ನಿಲ್ಲಿಸುವ ಚಿತ್ರ ಎಷ್ಟಿವೆ ನೋಡು, ನಡುವಿನ ಮಡಿಕೆಯಲ್ಲಿ ಯಾರದಾದರೂ ಮುಖ ಸಿಕ್ಕಿಕೊಂಡಿದ್ದರೆ ಆ ಪುಸ್ತಕ ಮಾಡಿದವನಿಗೆ ಮನುಷ್ಯರ ಬಗ್ಗೆ ಮರ್ಯಾದೆಯಿಲ್ಲ ಎಂದು ತಿಳಿ, ಹೀಗೆಲ್ಲ ಹೇಳಿದೆ. ಕೊನೆಗೊಂದು ಮಾತು ಹೇಳಿದೆಯಲ್ಲ, ಅದನ್ನು ವೈಷ್ಣವಿ ಬರೆದು ತನ್ನ ಮೇಜಿನ ಮೇಲೆ ಅಂಟಿಸಿಕೊಂಡಿದ್ದಾಳೆ: "ಫೋಟೊದಾಗ ಇದ್ದ ಮನಷ್ಯಾ ನಿಮ್ಮ ಮನಿಗಿ ಬಂದು ಕುಂತು ಆ ಪುಸ್ತಕ ನೋಡ್ಲತ್ತರ, ಅವಂಗ ನಾಚಿಕಿ ಬರಬಾರ್ದು. ಅಂಥ ಪುಸ್ತಕ ತಗೋರಿ." ನನ್ನ ತಮ್ಮ ಇಷ್ಟು ದೊಡ್ಡವನಾದನಲ್ಲ ಎಂದು ಅವತ್ತು ನನಗೆ ಎಷ್ಟು ಹೆಮ್ಮೆಯಾಯಿತೆಂದರೆ, ಬಸ್ಸಿನಲ್ಲಿ ಯೇವಲಾ ದಾಟುವವರೆಗೂ ನಿನ್ನ ಗುಣಗಾನವೇ. ನಿನ್ನ ಭಾವನವರು ಬೇಸತ್ತು ನಿದ್ದೆ ಮಾಡಿದರು.

ಹಾಗೆ ಆರಿಸಿ ಆರಿಸಿ ತಂದೆವು. ಹಿಮಾಲಯದ ಸೂರ್ಯೋದಯದ ದೊಡ್ಡ ಪುಸ್ತಕವೊಂದನ್ನು ಭಾವನವರು ಎತ್ತಿಕೊಂಡಿದ್ದರು, ನಾನೇ ಇಳಿಸಿದೆ. ಎಲ್ಲ ಬೆಟ್ಟವೂ ಒಂದೇ ಬಣ್ಣ, ಮದುವೆ ಹಾಲಿನ ಲೈಟಿನ ಹಾಗೆ. ಯೇವಲಾದ ಪೈಠಣಿ ನೇಯುವವರ ಪುಸ್ತಕ ತಂದೆವು. ಅದರಲ್ಲಿ ಸೀರೆಗಿಂತ ಹೆಚ್ಚು ನೇಕಾರರ ಬೆನ್ನು ಕಾಣುತ್ತದೆ, ಪ್ರತಿ ಚಿತ್ರದ ಕೆಳಗೂ ಅವರ ಹೆಸರಿದೆ. ರೈಲು ನಿಲ್ದಾಣಗಳ ಕಪ್ಪು-ಬಿಳುಪು ಪುಸ್ತಕವೊಂದು ಹಳೇ ಪುಸ್ತಕದವನ ಹತ್ತಿರ ಸಿಕ್ಕಿತು. ಭಾವನವರು ಎಲ್ಲದರ ಹಾಳೆಯನ್ನು ಬೆಳಕಿಗೆ ಹಿಡಿದು, ಉಜ್ಜಿ, ಮೂಸಿ ನೋಡುತ್ತಾರೆ, ಅಂಗಡಿಯವರಿಗೆ ಕಿರಿಕಿರಿ. ಒಟ್ಟಿನಲ್ಲಿ ಮನೆಯಲ್ಲಿ ಒಂದು ಸಂತೋಷ ಇತ್ತು ಸಂಗಣ್ಣಾ.

ನೀನು ತೆಗೆದ ಫೋಟೊಗಳದೇ ಒಂದು ಪುಸ್ತಕ ಬಂದಿರುವುದು ನಮಗೆ ಗೊತ್ತಿತ್ತು. ಒಂದು ಪ್ರತಿ ಕಳಿಸು ಎಂದರೆ, ಮುಗಿದಿವೆ, ಇನ್ನೊಮ್ಮೆ ಅಚ್ಚಾಗಲಿ ಎಂದೆ. ಕೊಳ್ಳಬೇಕಾದ ಪುಸ್ತಕಗಳ ಮಾತಾಡುವಾಗಲೂ ನಿನ್ನದರ ಹೆಸರು ತೆಗೆಯಲಿಲ್ಲ. ಎಷ್ಟು ವಿನಯ ನೋಡು ನನ್ನ ತಮ್ಮನಿಗೆ ಎಂದುಕೊಂಡೆ. ನನ್ನಂಥ ಹುಚ್ಚಿ ಇನ್ನೊಬ್ಬಳಿಲ್ಲ.

ಹೋದ ತಿಂಗಳು ಕಾಲೇಜು ರೋಡಿನ ಅಂಗಡಿಯಲ್ಲಿ ವೈಷ್ಣವಿಗೆ ಅದು ಸಿಕ್ಕಿತು. ಒಂದಲ್ಲ, ಗುಡ್ಡೆ ಹಾಕಿದ್ದರಂತೆ. ಓಡುತ್ತ ಬಂದಳು. ನಾನು ಕೈ ತೊಳೆದು, ಕನ್ನಡಕ ಹಾಕಿಕೊಂಡು, ದೇವರ ಮುಂದಿಟ್ಟು ವಿಭೂತಿ ಹಚ್ಚಿ ಆಮೇಲೆ ತೆರೆದೆ. ನಿನ್ನ ವಾಳೂಜ್ ಕಾರ್ಖಾನೆಯವರು, ಸಿಮೆಂಟು ಹೊರುವ ನಮ್ಮ ಕಡೆಯ ಹೆಣ್ಣುಮಕ್ಕಳು, ಎಲ್ಲ ಚೆನ್ನಾಗಿದ್ದವು. ಪುಸ್ತಕದ ನಡುವಿಗೆ ಬಂದಾಗ ವೈಷ್ಣವಿಯೇ ಮೊದಲು ನೋಡಿದಳು. "ಮಮ್ಮೀ, ಆಜಿ! ಕಿತೀ ಶಾಂತ ದಿಸತೇಯ್, ಎಷ್ಟ ಶಾಂತ ಕಾಣ್ತಾಳ ನೋಡು. ಮಾಮಾ ಇದು ಯಾವಾಗ ತೆಗದಾನ?"

ಪೂರಾ ಒಂದು ಪುಟ ಅವ್ವ. ಗೋಡೆಗೆ ಆನಿಸಿ ಕೂಡಿಸಿದ ಅವ್ವ, ಹಣೆ ತುಂಬ ವಿಭೂತಿ, ಅಂಗೈಯಲ್ಲಿ ಇಷ್ಟಲಿಂಗ, ಅರ್ಧ ಮುಚ್ಚಿದ ಕಣ್ಣು. ಆ ಇಳಕಲ್ ಸೀರೆ ನಾನೇ ಪೆಟ್ಟಿಗೆಯಿಂದ ತೆಗೆದು ಉಡಿಸಿದ್ದು. 'ನನ್ನ ಹೋಗೂ ದಿನಕ್ಕ' ಎಂದು ಅವ್ವ ತೆಗೆದಿಟ್ಟುಕೊಂಡಿದ್ದ ಸೀರೆ, ಅವಳ ಮೈಮೇಲೆ ಬೇರೆ ಯಾವತ್ತೂ ಬಂದಿರಲಿಲ್ಲ. ಕೆಳಗೆ ಮರಾಠಿಯಲ್ಲೂ ಇಂಗ್ಲಿಷಿನಲ್ಲೂ ಅಚ್ಚಾಗಿದೆ: ಧ್ಯಾನಸ್ಥ ಮಹಿಳೆ, ನಾಸಿಕ್. ಮುನ್ನುಡಿ ಬರೆದ ಪುಣೆಯ ದೊಡ್ಡವರು ಯಾರೋ, ಬದುಕಿನ ಗದ್ದಲದ ನಡುವೆ ಈ ತಾಯಿಯ ಉಸಿರು ಎಷ್ಟು ನಿಧಾನ ಎಂದು ಹೊಗಳಿದ್ದಾರೆ.

ಅವರಿಗೇನು ಗೊತ್ತು. ಸತ್ತವರನ್ನು ಮಲಗಿಸುವ ಊರು ಇದು. ನಾವು ಕೂಡಿಸುತ್ತೇವೆ, ಕೂಡಿಸಿಯೇ ಮೆರವಣಿಗೆ ಮಾಡುತ್ತೇವೆ, ಕೂಡಿಸಿಯೇ ಮಣ್ಣು ಕೊಡುತ್ತೇವೆ. ಅವತ್ತು ಅಲಕಾತಾಯಿ ಬಾಗಿಲಲ್ಲಿ ಇಣುಕಿ, ಆಜಿಗೆ ಜೀವ ಬಂತೇನು ಎಂದು ಗಾಬರಿಯಿಂದ ನನ್ನ ಕೈ ಹಿಡಿದುಕೊಂಡಿದ್ದರು. ಪುಣೆಯವರು ಮೋಸ ಹೋದರೆ ಅವರ ತಪ್ಪಿಲ್ಲ. ನಮ್ಮ ವೈಷ್ಣವಿಯೂ ಮೋಸ ಹೋದಳು. ಅವಳ ಹತ್ತನೆಯ ಪರೀಕ್ಷೆಯೆಂದು ಸುದ್ದಿ ಹೇಳದೆ ಅಲಕಾತಾಯಿಯ ಮನೆಯಿಂದಲೇ ಕಳಿಸಿದ್ದೆವು, ಅವಳು ಬರುವಷ್ಟರಲ್ಲಿ ಅವ್ವನನ್ನು ಒಯ್ದಾಗಿತ್ತು. ಆದರೆ ನೀನು? ನಿನಗೆ ಗೊತ್ತಿರಲಿಲ್ಲವೇ ನಿನ್ನ ತಾಯಿ ಉಸಿರಾಡುತ್ತಿದ್ದಳೋ ಇಲ್ಲವೋ ಎಂದು? ಆ ಎರಡು ಶಬ್ದ ಅಚ್ಚಾಗುವ ಮೊದಲು ನಿನ್ನ ಕಣ್ಣಿಗೆ ಬಿದ್ದಿರಲಿಲ್ಲವೇ? ನೇಕಾರರಿಗೆ ಹೆಸರಿದೆ. ಮನ್ಮಥಪ್ಪನ ಹೆಂಡತಿ ಮಲ್ಲಮ್ಮನಿಗೆ ಹೆಸರಿಲ್ಲ.

ಇದನ್ನೂ ನುಂಗಿಕೊಳ್ಳುತ್ತಿದ್ದೆನೇನೋ. ಆದರೆ ನೀನು ಏನು ಹೇಳಿದ್ದೆ? ಅವ್ವನ ಸುತ್ತ ಎಲ್ಲರೂ ಕುಳಿತು ಫೋಟೊ ತೆಗೆಸಿಕೊಳ್ಳುವಾಗ ಬಳಗದವರು ಮೊಬೈಲು ತೆಗೆದರು, ನಾನೇ ಗದರಿಸಿ ಒಳಗಿಡಿಸಿದೆ, ನನ್ನ ತಮ್ಮ ದೊಡ್ಡ ಕ್ಯಾಮೆರಾ ತಂದಿದ್ದಾನೆ, ಹೆಣದ ಮುಂದೆ ಎಲ್ಲರೂ ಕೈ ಎತ್ತಿ ನಿಲ್ಲುವುದೇನು ಎಂದು. ಮಣ್ಣಾದ ಮೇಲೆ ಗಣಾರಾಧನೆಯ ದಿನ ನೀನು ತಲೆ ತಗ್ಗಿಸಿ ಬಂದು ಹೇಳಿದೆ: "ಕಾರ್ಡ್ ಖರಾಬ್ ಆಗ್ಯಾದ ಅಕ್ಕಾ. ಒಂದೂ ಉಳದಿಲ್ಲ." ನಾನು ನಿನ್ನ ತಲೆ ಸವರಿ ಸಮಾಧಾನ ಮಾಡಿದೆ. ಬೀದರದ ಸೋಮಲಿಂಗ ಕಾಕಾ ಎಲ್ಲರೆದುರು, ಮಗ ಫೋಟೊಗ್ರಾಫರ್, ತಾಯಿದೊಂದು ಫೋಟೊ ಇಲ್ಲ ಎಂದು ಚುಚ್ಚಿದಾಗ, ಕಾರ್ಡು ಕೆಟ್ಟರೆ ಅವನೇನು ಮಾಡಿಯಾನು ಕಾಕಾ, ಅವನಿಗೇನೂ ಅನ್ನಬೇಡಿರಿ ಎಂದು ಜಗಳಕ್ಕೇ ಬಿದ್ದೆ. ಕಾಕಾ ಅಂದಿನಿಂದ ನನ್ನ ಮನೆಗೆ ಬಂದಿಲ್ಲ.

ನಮ್ಮ ಗೋಡೆಯ ಮೇಲಿರುವ ಅವ್ವನ ಫೋಟೊ ನೀನು ನೋಡಿದ್ದೀ. ಅವ್ವ ಯಾರು ಫೋಟೊ ತೆಗೆದರೂ ಸೆರಗು ಎಳೆದುಕೊಳ್ಳುವವಳು. ಆಧಾರ್ ಕಾರ್ಡಿನವನು ಗದರಿಸಿದ್ದಕ್ಕೆ ಒಮ್ಮೆ ಮುಖ ತೋರಿಸಿದ್ದಳು, ಅದನ್ನೇ ದೊಡ್ಡದು ಮಾಡಿಸಿ ತೂಗು ಹಾಕಿದ್ದೇವೆ. ಕಣ್ಣು ಮೂಗು ಕಲಸಿಹೋಗಿವೆ, ಕಳವು ಮಾಡಿ ಸಿಕ್ಕವಳ ಹಾಗೆ ಕಾಣುತ್ತಾಳೆ. ಇಷ್ಟು ವರ್ಷ ಅದಕ್ಕೇ ಹೂ ಏರಿಸಿದೆ. ನೀನು ಬಂದಾಗೆಲ್ಲ ಅದರ ಮುಂದೆ ನಿಂತು ಕೈ ಮುಗಿದೆಯಲ್ಲ, ಆಗ ಅವ್ವನ ಮುಖ ನಿನ್ನ ಕಂಪ್ಯೂಟರಿನಲ್ಲಿ ಇತ್ತು. ಮನೆಗೆ ಮಾರಿ, ಪರರಿಗೆ ಉಪಕಾರಿ ಎನ್ನುತ್ತಾರೆ, ಆ ಗಾದೆ ನನ್ನ ತಮ್ಮನಿಗೆ ಹಚ್ಚುವ ಕಾಲ ಬರುತ್ತದೆಂದು ನಾನು ಅಂದುಕೊಂಡಿರಲಿಲ್ಲ.

ವೈಷ್ಣವಿ ಪುಸ್ತಕವನ್ನು ಕಪಾಟಿನ ನಡುವಿನ ಅರೆಯಲ್ಲಿ, ಬಂದವರಿಗೆಲ್ಲ ಕಾಣುವ ಹಾಗೆ ಮುಖ ಮಾಡಿ ನಿಲ್ಲಿಸಿದಳು. ನಾನು ತೆಗೆದೆ. ಅವಳು ಇಟ್ಟಳು. ಮತ್ತೆ ತೆಗೆದೆ. ನಿನಗ ಕಲಾ ಅಂದ್ರ ತಿಳಿಯಂಗಿಲ್ಲ ಎಂದು ಕೂಗಾಡಿದಳು. ಆಗ ಹೇಳಲೇಬೇಕಾಯಿತು, ಆ ಚಿತ್ರದಲ್ಲಿ ಅಜ್ಜಿ ಇಲ್ಲ, ಅಜ್ಜಿಯ ಶರೀರ ಇದೆ ಎಂದು. ಹುಡುಗಿ ಆ ಪುಟ ತೆರೆದು ಅಜ್ಜಿಯ ಅರ್ಧ ಮುಚ್ಚಿದ ಕಣ್ಣಿನ ಮೇಲೆ ಬೆರಳಿಟ್ಟು ನೋಡಿದಳು. ಆಮೇಲೆ ಕೇಳಿದಳು, "ಹಂಗಂದ್ರ ಮಾಮಾ ನಮಗ ಸುಳ್ಳ ಹೇಳ್ಯಾನ?" ನಿನ್ನ ಪರವಾಗಿ ಏನಾದರೂ ಹೇಳೋಣವೆಂದು ಅಭ್ಯಾಸದಿಂದ ಬಾಯಿ ತೆರೆದೆ. ಕೊನೆಗೆ, ಮಾಮಾನನ್ನೇ ಕೇಳು ಎಂದೆ. ಮೇಜಿನ ಮೇಲೆ ಅಂಟಿಸಿದ್ದ ನಿನ್ನ ಮಾತನ್ನು ಅವಳು ಅವತ್ತು ಸಂಜೆ ಕಿತ್ತುಹಾಕಿದಳು.

ಒಂದು ಮಾತು ಮುಚ್ಚಿಡುವುದಿಲ್ಲ. ಪುಸ್ತಕದಲ್ಲಿ ಅದೇ ಎಲ್ಲಕ್ಕಿಂತ ಒಳ್ಳೆಯ ಚಿತ್ರ. ನೀನು ಕಲಿಸಿದ ಹಾಗೆ ಹಿಂದಿನಿಂದ ತಿರುವಿದೆ, ಮುಂದಿನಿಂದ ತಿರುವಿದೆ, ಕೈ ಅಲ್ಲೇ ನಿಲ್ಲುತ್ತದೆ. ಕಿಟಕಿಯ ಬೆಳಕು ಅವ್ವನ ಕೆನ್ನೆಯ ಮೇಲೆ ಎಷ್ಟು ಚೆಂದ ಬಿದ್ದಿದೆ. ಅದನ್ನು ನೋಡಿ ಸಿಟ್ಟು ಇನ್ನೂ ಹೆಚ್ಚಾಗುತ್ತದೆ, ಯಾಕೆಂದರೆ ನೋಡದೆ ಇರಲಿಕ್ಕೂ ಆಗುವುದಿಲ್ಲ. ಪುಟ ಕತ್ತರಿಸಿ ಫ್ರೇಮು ಹಾಕಿಸೋಣ ಎಂದರು ಭಾವನವರು. ತಿರುವಿ ನೋಡಿದರೆ ಅವ್ವನ ಬೆನ್ನಿಗೆ ಯಾರೋ ಬೀಡಿ ಸೇದುತ್ತ ಕುಳಿತಿದ್ದಾನೆ. ಅವನನ್ನು ಗೋಡೆಗೆ ಒತ್ತಿ ಕೂಡಿಸಲು ಮನಸ್ಸು ಬರಲಿಲ್ಲ. ಪುಸ್ತಕ ಈಗ ಅಕ್ಕಿ ಡಬ್ಬಿಯ ಮೇಲಿದೆ. ಕಪಾಟಿಗೆ ಸೇರಿಸುವುದಿಲ್ಲ.

ಈ ತಿಂಗಳ ಕೊನೆಗೆ ಅವ್ವನ ಪುಣ್ಯಸ್ಮರಣೆ. ಬರಬೇಡ ಎನ್ನಲು ನಾನು ಯಾರು, ನಿನಗೂ ಅವಳೇ ತಾಯಿ. ಬರುವಾಗ ಆ ಚಿತ್ರವನ್ನೂ, ನಾವೆಲ್ಲ ಅವಳ ಸುತ್ತ ಕುಳಿತದ್ದನ್ನೂ ಮಾಡಿಸಿಕೊಂಡು ಬಾ. ಪುಸ್ತಕದವರಿಗೆ ಇವಳು ಧ್ಯಾನ ಮಾಡುತ್ತಿರುವ ಯಾರೋ ಮಹಿಳೆ ಅಲ್ಲ, ತೀರಿಕೊಂಡ ನನ್ನ ತಾಯಿ, ಹೆಸರು ಮಲ್ಲಮ್ಮ ಎಂದು ತಿಳಿಸು. ಅವರು ಪುಟ ಇಟ್ಟುಕೊಳ್ಳಲಿ, ಬಿಡಲಿ, ಅದು ಆಮೇಲಿನ ಮಾತು. ವೈಷ್ಣವಿಗೆ ಉತ್ತರವನ್ನು ನೀನೇ ಹೇಳಬೇಕು, ನಾನು ಹೇಳುವುದಿಲ್ಲ.

ರಂಜನಿಗೆ ಇದನ್ನು ಓದಿಸಬೇಡ, ಅವಳಿಗೆ ಸಂಕಟವಾಗುತ್ತದೆ. ಹೊತ್ತಿಗೆ ಸರಿಯಾಗಿ ಉಣ್ಣು. ಶಿವ ನಿನಗೆ ಆಯುಷ್ಯ ಕೊಡಲಿ, ನಿನ್ನ ಕೈಗೆ ಕೆಲಸ ಕೊಡಲಿ. ಸಿಟ್ಟಿನಲ್ಲೂ ಬೇರೆ ಹರಕೆ ಬಾಯಿಗೆ ಬರುತ್ತಿಲ್ಲ.

ನಿನ್ನ ಅಕ್ಕ,
ಜಗದೇವಿ

ತಾ.ಕ.: ಲಕೋಟೆ ಅಂಟಿಸುವ ಮೊದಲು ಇದನ್ನೂ ಬರೆದುಬಿಡುತ್ತೇನೆ. ಆ ಚಿತ್ರದಲ್ಲಿ ಅವ್ವ ಒಬ್ಬಳೇ ಇದ್ದಾಳೆ. ನಸುಕಿನಿಂದ ಅವಳ ಭುಜದ ಮೇಲೆ ನನ್ನ ಕೈ ಇತ್ತು, ವಾಲುತ್ತಿದ್ದಳು. ನೀನು ವಾಳೂಜ್‌ನಿಂದ ಡ್ಯೂಟಿ ಬಟ್ಟೆಯಲ್ಲೇ, ಹೆಗಲಿಗೆ ಕ್ಯಾಮೆರಾ ಚೀಲದ ಸಮೇತ ಬಂದು ಬಾಗಿಲಲ್ಲಿ ನಿಂತು ಅಂದೆ: "ಅಕ್ಕಾ, ಜರಾ ಸರಿ. ಅವ್ವಗ ಒಮ್ಮಿ ಕಣ್ತುಂಬ ನೋಡ್ತೀನಿ." ನಾನು ಕೈ ತೆಗೆದೆ. ಇರುವವನೊಬ್ಬನೇ ಮಗ, ಮನಸ್ಸು ಬಿಚ್ಚಿ ಅಳಲಿ ಎಂದು ಎಲ್ಲರನ್ನೂ ಹೊರಗೆ ಕಳಿಸಿ ಬಾಗಿಲು ಮುಂದೆ ಮಾಡಿದೆ. ಕ್ರಿಯೆ ಮಾಡಿಸುವ ಅಯ್ಯನವರು ಬಂದರು, ಅವರನ್ನೂ ತಡೆದು ನಿಲ್ಲಿಸಿದೆ. ಒಳಗಿನಿಂದ ಅಳುವ ಸಪ್ಪಳ ಬರಲಿಲ್ಲ. ಗಂಡಸು, ಒಳಗೊಳಗೇ ಅಳುತ್ತಿದ್ದಾನೆ ಎಂದುಕೊಂಡೆ, ಬಾಗಿಲಿಗೆ ಬೆನ್ನು ಹಚ್ಚಿ ನಿನಗಾಗಿಯೂ ನಾನೇ ಅತ್ತೆ. ನೀನು ಒಳಗೆ ಏನು ಮಾಡುತ್ತಿದ್ದೆ ಎಂದು ಈಗ ಗೊತ್ತಾಯಿತು. ಫೋಟೊ ತರದಿದ್ದರೂ ನಡೆದೀತು ಸಂಗಣ್ಣಾ. ಅವತ್ತು ಆ ಕೋಣೆಯಲ್ಲಿ ನೀನು ಒಮ್ಮೆಯಾದರೂ ಅತ್ತಿದ್ದೆಯಾ, ಅದೊಂದನ್ನು ಮಾತ್ರ ಸುಳ್ಳಿಲ್ಲದೆ ಹೇಳು.