ಮಹಡಿ ಮನೆಯ ಒರಳು

ಫೆಬ್ರವರಿ 6, ಸೋಮವಾರ

ಮತ್ತೆ ಜಂಕ್ಷನ್ ಅಳತೆ. ಮೊನ್ನೆಯೇ ಮುಗಿದಿತ್ತು, ಆದರೂ ಟೇಪು ಹಿಡಿದು ಹೋದೆ. ಬ್ಯಾಗಿನಲ್ಲಿ ಖಾಕಿ ಪ್ಯಾಂಟು. ಜಂಕ್ಷನ್ನಿನಲ್ಲೇ ದುಫಿಯೆಯ ವಠಾರ, ಮುಂದೆ ಅವಳ ಟೈಲರಿಂಗ್ ಅಂಗಡಿ.

"ಪ್ಲಾನರ್ರೆ, ಈ ಪ್ಯಾಂಟು ಇನ್ನೆಷ್ಟು ಸಲ ಬಿಗಿ ಮಾಡ್ಲಿ? ಕೊನೆಗೆ ಬರೀ ಜೇಬು ಉಳಿಯುತ್ತೆ."

"ಸಣ್ಣ ಆಗ್ತಿದ್ದೀನಿ."

"ಉಣ್ಣದಿದ್ರೆ ಇನ್ನೇನಾಗ್ತದೆ? ಕೂತ್ಕೊಳ್ಳಿ."

ಅಂಗಳದಲ್ಲಿ ಸಂಜೆಯ ಊಟಕ್ಕೆ ಫುಫು ಮುದ್ದೆ ಕುಟ್ಟುತ್ತಿದ್ದಾರೆ. ಬೆಂದ ಮರಗೆಣಸು, ಬಾಳೆಕಾಯಿ ಒರಳಲ್ಲಿ. ವಠಾರದ ಬಾಡಿಗೆದಾರ, ಅತ್ತಾ ಎಂಬವನು, ನಿಂತು ಒನಕೆ ಹಾಕುತ್ತಾನೆ. ಅವಳು ಕೂತು ಕೈ ಹಾಕಿ ಮಗುಚುತ್ತಾಳೆ. ಕೈ ಹೊರಗೆ, ಒನಕೆ ಒಳಗೆ. ಮಾತು ನಿಲ್ಲುವುದಿಲ್ಲ. ಇಬ್ಬರೂ ಒರಳಿನ ಕಡೆ ನೋಡುವುದೇ ಇಲ್ಲ. ನಾನು ಅವಳ ಬೆರಳು ಎಣಿಸುತ್ತಾ ಕೂತೆ.

ಫೆಬ್ರವರಿ 9, ಗುರುವಾರ

ನಕ್ಷೆ ಒಂದು ರೂಪಕ್ಕೆ ಬಂತು. ಕುಮಾಸಿ ನಗರದಲ್ಲಿ ದುಡಿಯುವವರೆಲ್ಲ ಇಲ್ಲಿಗೆ ಬಂದು ಮನೆ ಕಟ್ಟಿದರು, ಆದರೆ ಒಂದು ಟೊಮೆಟೊ ಬೇಕಾದರೂ ವ್ಯಾನು ಹತ್ತಬೇಕು. ಇನ್ನು ಹಾಗಿಲ್ಲ. ಜಂಕ್ಷನ್ ಸುತ್ತ ಕೆಳಗೆ ಅಂಗಡಿ, ಮೇಲೆ ಮನೆ. ಕ್ಲಿನಿಕ್, ಶಾಲೆ, ಚರ್ಚು, ಸಂತೆ — ಎಲ್ಲಕ್ಕೂ ಕಾಲ್ನಡಿಗೆ, ನೆರಳಿನಲ್ಲಿ. ನಡುವೆ ಕಾರು ನಿಲ್ಲಿಸುವ ಅಂಗಳ.

ಹಳೇ ವಠಾರ ಹೋಗುತ್ತದೆ. ಬದಲಿಗೆ ದುಫಿಯೆಗೆ ಮೂಲೆ ಅಂಗಡಿ, ಅದರ ಮೇಲಿನ ಮನೆ. ಆ ಮನೆಗೆ ಅಗತ್ಯಕ್ಕಿಂತ ದೊಡ್ಡ ಬಾಲ್ಕನಿ ಬರೆದೆ. ಎರಡು ಕುರ್ಚಿ ಹಿಡಿಸುವಷ್ಟು.

ಹೆಂಡತಿ ಎಸ್ತರ್ ತೀರಿಕೊಂಡ ಮೇಲೆ ನಾನು ಯಾವ ಮನೆಗೂ ಬಾಲ್ಕನಿ ಬರೆದಿರಲಿಲ್ಲ... ಈಗ ಗೊತ್ತಾಯಿತು.

ಫೆಬ್ರವರಿ 18, ಶನಿವಾರ

ಕೇಳಿಬಿಟ್ಟೆ.

ನಕ್ಷೆ ಬಿಡಿಸಿ ಬಾಲ್ಕನಿ ತೋರಿಸಿ, "ಒಂದು ಕುರ್ಚಿ ನಂದಾಗಬಹುದಾ?" ಅಂದೆ. ಅವಳಿಗೂ ಗಂಡ ತೀರಿಹೋಗಿ ಬಹಳ ಕಾಲವಾಯಿತು. ಬಾಯಲ್ಲಿದ್ದ ದಾರ ತೆಗೆದಳು. ಬಹಳ ಹೊತ್ತು ನೋಡಿದಳು — ನಕ್ಷೆಯನ್ನು.

"ಒರಳು ಎಲ್ಲಿಡೋದು?"

"ಅಡುಗೆಮನೇಲಿ."

"ಮಹಡಿ ಮೇಲೆ? ಎಲ್ಲರ ಮನೇಲೂ?"

"ಈಗ ಫುಫು ಪುಡಿ ಸಿಗುತ್ತಲ್ಲ, ಬಿಸಿನೀರಿಗೆ ಹಾಕಿ ತಿರುವಿದರೆ..."

ಅವಳು ನೋಡಿದ ನೋಟ ಬರೆಯಲಾರೆ.

"ಒರಳಿಗೆ ಜಾಗ ಮಾಡಿ," ಅಂದಳು. "ಆಮೇಲೆ ಕುರ್ಚಿ ಮಾತು."

ಮಾರ್ಚ್ 6, ಸೋಮವಾರ. ರಜೆ

ನಾನಿರುವುದೂ ಮಹಡಿ ಮೇಲೆಯೇ, ಕೆಳಗೆ ಔಷಧಿ ಅಂಗಡಿ. ಇಲ್ಲೇ ಕುಟ್ಟಿಸಿ ತೋರಿಸುತ್ತೇನೆಂದು ಹಟ ಹಿಡಿದೆ. ಅತ್ತಾ ಒರಳು ಹೊತ್ತು ತಂದ. ದುಫಿಯೆ ಸುತ್ತುಬಟ್ಟೆ ಬಿಗಿದು ಕೂತಳು. ಒನಕೆಯ ಏಟು ಇನ್ನೂ ಲಯಕ್ಕೆ ಬಂದಿರಲಿಲ್ಲ, ಬಾಗಿಲು ಬಡಿದ ಸದ್ದು. ಔಷಧಿ ಅಂಗಡಿಯ ಅಮ್ಮ. ತಲೆ ಮೇಲೆಲ್ಲ ಚಾವಣಿಯ ಸುಣ್ಣದ ಪುಡಿ.

"ಏನಪ್ಪಾ, ಮನೆ ಕಟ್ಟೋನು ನೀನು. ಯಾವಾಗಿಂದ ಕೆಡವೋ ಕೆಲಸ ಹಿಡಿದೆ?"

ಕೆಮ್ಮಿನ ಸಿರಪ್ಪೆಲ್ಲ ಕಪಾಟಿನಿಂದ ಉರುಳಿದೆಯಂತೆ. ಅತ್ತಾ ಒನಕೆ ಅಪ್ಪಿಕೊಂಡು ನಕ್ಕ. ದುಫಿಯೆ ನಗಲಿಲ್ಲ. ಹೋಗುವಾಗ ಮೆಟ್ಟಿಲ ಮೇಲೆ ನಿಂತು ಹೇಳಿದಳು —

"ಒಬ್ಬರೇ ಇದ್ದೂ ಇದ್ದೂ ನಿಮಗೆ ಮನೆ ಸದ್ದು ಮರೆತುಹೋಗಿದೆ. ಅಷ್ಟೇ."

ಮಾರ್ಚ್ 8, ಬುಧವಾರ

ನಡುವಿನ ಕಾರಂಗಳ ಅಳಿಸಿದೆ. ಅಲ್ಲಿ ಮಣ್ಣಿನ ನೆಲ, ಬೇವಿನ ನೆರಳು, ನಲ್ಲಿ, ಸುತ್ತ ಮಾಡು. ಎಲ್ಲ ಮನೆಗಳ ಮೆಟ್ಟಿಲೂ ಅಲ್ಲಿಗೇ ಇಳಿಯಬೇಕು. ಕುಟ್ಟುವ ಅಂಗಳ. ಕಾರು ವ್ಯಾನ್ ಸ್ಟ್ಯಾಂಡಿನ ಹಿಂದೆ ನಿಲ್ಲಲಿ, ಅಲ್ಲಿಂದ ನಡೆಯಲಿ.

ನಮ್ಮ ಕಚೇರಿಯ ನಿರ್ದೇಶಕರು ನೋಡಿ ಕನ್ನಡಕ ತೆಗೆದರು. "ಒನಕೆಗೋಸ್ಕರ ಪಾರ್ಕಿಂಗ್ ತೆಗೆದಿದ್ದೀಯಾ? ಜನ ಒಪ್ಪಲ್ಲ ಕಣಯ್ಯ. ಊರ ಸಭೇಲಿ ಬಿದ್ದುಹೋದ್ರೆ ಹಳೇ ನಕ್ಷೆನೇ."

ಏಪ್ರಿಲ್ 29, ಶನಿವಾರ

ಸಭೆ. ಕಾರಿದ್ದವರೇ ಮುಂದಿನ ಸಾಲು. ಒಬ್ಬೊಬ್ಬರೂ ಎದ್ದು ಬೈದರು. ನಿರ್ದೇಶಕರು ಫೈಲು ಮುಚ್ಚುತ್ತಿದ್ದರು. ಹಿಂದಿನಿಂದ ದುಫಿಯೆ ಎದ್ದಳು, ಕೊರಳಲ್ಲಿ ಅಳತೆ ಟೇಪು.

"ಒಂದೇ ಮಾತು. ಕಾರಿರೋರು ಕೈ ಎತ್ತಿ."

ಎತ್ತಿದರು.

"ಇಳಿಸಿ. ನಿನ್ನೆ ಫುಫು ಉಂಡೋರು?"

ಸಭೆಗೆ ಸಭೆಯೇ ಕೈ. ಕಾರಿನವರದೂ. ಒಬ್ಬ ಕೈ ಎತ್ತಿ ಪಕ್ಕದ ಹೆಂಡತಿಯನ್ನು ನೋಡಿ ಇಳಿಸಿದ — ಬೇರೆ ಎಲ್ಲೋ ಉಂಡಿದ್ದನೇನೋ. ವೇದಿಕೆಯ ಮೇಲೆ ನಿರ್ದೇಶಕರ ಕೈ ಕಿವಿಯವರೆಗೆ ಹೋಗಿ ಅಲ್ಲೇ ಕೆರೆದುಕೊಂಡಿತು.

"ನಿಮ್ಮದೂ ಲೆಕ್ಕಕ್ಕೆ ತಗೊಂಡೆ, ಸಾರ್," ಅಂದಳು.

ಅಂಗಳ ಉಳಿಯಿತು.

ಜೂನ್ 17, ಶನಿವಾರ. ಸಂಜೆ

ಅತ್ತಾ ದೂರದ ತಕೊರಾಡಿ ಬಂದರಿಗೆ ಕೆಲಸಕ್ಕೆ ಹೊರಟುಹೋದ. ವಠಾರ ಕೆಡವಲು ಇನ್ನೂ ತಿಂಗಳುಗಳಿವೆ. ಒರಳು ಇದೆ, ಒನಕೆ ಇದೆ. ಹಾಕುವವರಿಲ್ಲ.

ಇಲ್ಲೇ ಅವಳ ಅಂಗಳದಲ್ಲಿ ಕೂತು ಬರೆಯುತ್ತಿದ್ದೇನೆ. ಗೆಣಸು ಬೇಯುತ್ತಿದೆ. ಕುಟ್ಟಿ ಗೊತ್ತಿಲ್ಲ ಅಂದೆ.

"ಗೊತ್ತು. ಅದಕ್ಕೇ ಕರೆದದ್ದು."

"ನಿಮ್ಮ ಕೈ ಮೇಲೆ ಬಿದ್ದರೆ? ಹೊಲಿಯೋ ಕೈ."

"ಒರಳು ನೋಡಬೇಡಿ. ನನ್ನ ಮುಖ ನೋಡಿ."

"ಮತ್ತೆ... ಕುರ್ಚಿ ಮಾತು?"

"ಮೊದಲು ಕುಟ್ಟಿ. ಬೆರಳು ಉಳಿದ್ರೆ ನಾಳೆ ಬಡಗಿ ಹತ್ರ ಹೋಗೋಣ."

ನೀರು ಬಸಿದ ಸದ್ದು. ಒನಕೆ ಗೋಡೆಗೆ ಒರಗಿದೆ, ನನಗಿಂತ ಎತ್ತರ. ಪ್ಯಾಂಟು ಮಾತ್ರ ಬಿಗಿಯಾಗಿದೆ, ಜಾರುವ ಭಯವಿಲ್ಲ.

ಕೂತಳು. ಕೈ ಒದ್ದೆ ಮಾಡಿಕೊಂಡಳು. ಕರೆಯುತ್ತಿದ್ದಾಳೆ — ಪ್ಲಾನರ್ರೆ ಅಂತಲ್ಲ, ಹೆಸರು ಹಿಡಿದು. ಇದೇ ಮೊದಲ ಸಲ. ಎದ್ದೆ.