ನನ್ನ ತಾಯಿಯನ್ನೂ ಆರೋಪಿಯಾಗಿಸಿ

ಮಾನ್ಯ ತನಿಖಾಧಿಕಾರಿಗಳೇ,

ನನ್ನ ಅತ್ತಿಗೆಯ ವರದಕ್ಷಿಣೆ ಕಿರುಕುಳದ ಪ್ರಕರಣದಲ್ಲಿ ನನ್ನ ಅಣ್ಣನೊಬ್ಬನನ್ನೇ ಆರೋಪಿಯಾಗಿಸಿ, ನನ್ನ ತಾಯಿಯನ್ನು ಕೈಬಿಟ್ಟಿದ್ದೀರಿ. 'ವಯೋವೃದ್ಧೆ, ನಿರ್ದಿಷ್ಟ ಪಾತ್ರ ಕಂಡುಬಂದಿಲ್ಲ' ಎಂದು ಬರೆದಿದ್ದೀರಿ. ಕಾಣಬೇಕಾದರೆ ನೋಡಬೇಕಲ್ಲವೇ ಸ್ವಾಮಿ? ನೋಡಿದವಳು ನಾನು. ಹೇಳಲು ಬಂದು ನಿಮ್ಮ ಮೇಜಿನ ಮುಂದೆ ನಿಂತೇ ಇದ್ದವಳೂ ನಾನು.

ಅತ್ತಿಗೆ ಕಿವಿ ಕೇಳದ ಮಕ್ಕಳ ಶಾಲೆಯಲ್ಲಿ ಟೀಚರ್. ಪಾಠ, ಗದರಿಕೆ, ತಮಾಷೆ ಎಲ್ಲವೂ ಕೈಸನ್ನೆಯಲ್ಲೇ. ಅವರ ತಂದೆ ಕಾರು ಕೊಡಿಸಲಿಲ್ಲವೆಂಬುದು ನಮ್ಮ ಮನೆಯಲ್ಲಿ ದಿನನಿತ್ಯದ ಮಾತು. ಕೂಗಾಡುತ್ತಿದ್ದವನು ಅಣ್ಣ, ಏನು ಕೂಗಬೇಕೆಂದು ಹೇಳಿಕೊಡುತ್ತಿದ್ದವರು ಅಮ್ಮ. "ಬರಿಗೈಲಿ ಬಂದ್ಲು, ಈಗ ಕೈ ಆಡಿಸ್ಕೊಂಡು ತಿರುಗ್ತಾಳೆ" ಎಂದು ಸೊಸೆಯ ಕೆಲಸವನ್ನೂ ಆಡಿಕೊಳ್ಳುತ್ತಿದ್ದರು.

ಆ ಭಾನುವಾರ ಮಧ್ಯಾಹ್ನ ಅಣ್ಣ ಹೊಡೆದಾಗ ಅತ್ತಿಗೆ ಹೊರಗೆ ಓಡಲೆಂದು ಬಾಗಿಲ ಚೌಕಟ್ಟು ಹಿಡಿದರು. "ಬೀದೀಲಿ ನಮ್ಮ ಮಾನ ಕಳೀತಾಳೆ, ಹಿಡ್ಕೊಳೋ!" ಎಂದ ಅಮ್ಮ, ಕೈ ಇನ್ನೂ ಅಲ್ಲೇ ಇರುವಾಗ ಬಾಗಿಲು ದೂಡಿದರು. "ಅಮ್ಮಾ, ಕೈ! ಕೈ!" ಎಂದು ನಾನು ಚೀರಿದೆ. ಅವರು ಬಾಗಿಲಿಗೆ ಬೆನ್ನು ಕೊಟ್ಟು ನಿಂತರು. ನಾನೇ ಅಮ್ಮನನ್ನು ಎಳೆದು ಸರಿಸಿ, ಅತ್ತಿಗೆಯನ್ನು ಆಸ್ಪತ್ರೆಗೆ ಕರೆದೊಯ್ದೆ.

ಇದನ್ನೇ ಹೇಳಿದಾಗ ನೀವು, "ಅಲ್ಲಮ್ಮಾ, ಹೆತ್ತ ತಾಯೀನ ಜೈಲಿಗೆ ಕಳಿಸ್ತೀಯಾ? ಆ ಮುದುಕೀಗೆ ಬಾಗಿಲು ದೂಡೋ ಶಕ್ತಿ ಎಲ್ಲಿದೆ?" ಎಂದಿರಿ. ಠಾಣೆಗೆ ಕೋಲೂರಿಕೊಂಡು ಬಂದ ಆ ಮುದುಕಿ ಮನೆಯಲ್ಲಿ ತುಂಬಿದ ಗ್ಯಾಸ್ ಸಿಲಿಂಡರನ್ನು ಒಬ್ಬರೇ ಉರುಳಿಸಿಕೊಂಡು ಹೋಗುತ್ತಾರೆ. ಗಂಡನ ಮನೆಯವರನ್ನೆಲ್ಲ ಸಿಕ್ಕಿಸುವ ಸುಳ್ಳು ಕೇಸುಗಳೂ ಇವೆಯೆಂದಿರಿ. ಇರಬಹುದು. ಅದಕ್ಕೇ ಅಲ್ಲವೇ ಸಾಕ್ಷಿಯನ್ನು ವಿಚಾರಿಸುವುದು? ಗಂಡನ ಮನೆಯವಳೇ ಬಂದು ಸಾಕ್ಷಿ ಹೇಳುತ್ತೇನೆಂದರೂ ಬರೆದುಕೊಳ್ಳದ ನಿಮಗೆ ಇನ್ನೆಂಥ ಸಾಕ್ಷಿ ಬೇಕು? ಬಾಗಿಲೇ ಬಂದು ಬಾಯಿ ಬಿಡಬೇಕೇ?

ಈಗ ನಾನೂ ಅತ್ತಿಗೆಯೂ ಬಾಡಿಗೆ ಕೋಣೆಯಲ್ಲಿದ್ದೇವೆ. ಅವರು ಮತ್ತೆ ಶಾಲೆಗೆ ಹೋಗುತ್ತಿದ್ದಾರೆ, ಆದರೆ ಬಲಗೈಯ ಎರಡು ಬೆರಳು ಮಡಚುವುದಿಲ್ಲ. ಇನ್ನೊಮ್ಮೆ ಹೇಳಿ ಎಂದು ಮಕ್ಕಳು ಸನ್ನೆ ಮಾಡುತ್ತಾರಂತೆ. "ನನ್ನ ಮಾತು ತೊದಲ್ತಿದೆ ಕಣೇ" ಎಂದು ನಕ್ಕರು. ನನಗೆ ನಗು ಬರಲಿಲ್ಲ.

ನನ್ನ ಹೇಳಿಕೆ ದಾಖಲಿಸಿ, ನನ್ನ ತಾಯಿಯ ಹೆಸರು ಸೇರಿಸಿ ಹೆಚ್ಚುವರಿ ಆರೋಪಪಟ್ಟಿ ಸಲ್ಲಿಸಿ. ಅವರಿಗೆ ವಯಸ್ಸಾಗಿರುವುದು ನಿಜ. ಕೋರ್ಟಿಗೆ ಕೈಹಿಡಿದು ನಾನೇ ಕರೆತರುತ್ತೇನೆ, ಮಾತ್ರೆಯನ್ನೂ ವೇಳೆಗೆ ಸರಿಯಾಗಿ ಕೊಡುತ್ತೇನೆ. ಕ್ಷಮಿಸುವ ಕೆಲಸವನ್ನು ಮಾತ್ರ ಅತ್ತಿಗೆಯ ಪರವಾಗಿ ನೀವು ಮಾಡಬೇಡಿ.

ಇಂತಿ,
ಅಮ್ಮನನ್ನು ಈಗಲೂ ಅಮ್ಮ ಎಂದೇ ಕರೆಯುವ,
ನೀವು ಮನೆಗೆ ಕಳಿಸಿದ ಸಾಕ್ಷಿ