ಮೂರು ನೂಲು

ಚನ್ನಪಟ್ಟಣ
18-7-2016

ಪ್ರೀತಿಯ ಮಗ ಮುನಾವರನಿಗೆ ಅಮ್ಮಿಯ ದುವಾ.

ಹೇಗಿದ್ದೀಯಪ್ಪಾ? ಹೊಸೂರಿನ ಫ್ಯಾಕ್ಟರಿಯ ಊಟ ಹೊಟ್ಟೆಗೆ ಹಿಡಿಸಿತೇ? ಮರದ ಧೂಳಿಗೆ ಮೂಗು ಕಟ್ಟುವುದು ಹಾಗೇ ಇದೆಯೋ, ಮೆಣಸಿನ ಕಷಾಯ ಕುಡಿಯುತ್ತಿದ್ದೀಯೋ? ಫೋನ್ ಮಾಡಿದರೆ ಎತ್ತುವುದಿಲ್ಲ, ಅದಕ್ಕೇ ಕಾಗದ. ಸಿಟ್ಟು ಅಬ್ಬಾನ ಮೇಲೆ, ಶಿಕ್ಷೆ ಮಾತ್ರ ನನಗೆ. ಇದೆಂಥ ನ್ಯಾಯವೋ ನಿಮ್ಮ ಅಪ್ಪ ಮಕ್ಕಳದು! ನನ್ನ ಮಂಡಿನೋವು ಪರವಾಗಿಲ್ಲ. ಅಬ್ಬಾನ ಸಕ್ಕರೆ ಕಾಯಿಲೆ ಅವರ ನಾಲಿಗೆಯ ಹಾಗೆ, ಒಂದು ದಿನ ಇದ್ದಂತೆ ಇನ್ನೊಂದು ದಿನ ಇರುವುದಿಲ್ಲ.

ಈಗ ಸುದ್ದಿ ಕೇಳು. ನಮ್ಮ ಕಾರ್ಖಾನೆಗೆ ಕಂಪ್ಯೂಟರಿನಿಂದ ತೂತು ಕೊರೆಯುವ ಮಿಶಿನ್ ಬಂದಿದೆ. ಅದಕ್ಕೆ ಪ್ರೋಗ್ರಾಮ್ ಬರೆಯುತ್ತಿರುವುದು ನಿನ್ನ ತಂಗಿ ಮುನ್ನೀ. ಅಳತೆಯ ಲೆಕ್ಕಕ್ಕೆಂದೇ ಯಾರೋ ಬರೆದಿಟ್ಟ ಪ್ರೋಗ್ರಾಮ್ ಸಿಗುತ್ತದಂತೆ, ಅದಕ್ಕೆ ಲೈಬ್ರರಿ ಅನ್ನುತ್ತಾರಂತೆ. ನಾನು ಹುಡುಕಿದೆ, ಒಂದು ಪುಸ್ತಕವೂ ಇಲ್ಲ! ಆದರೆ ಅದರ ಗತ್ತು ನೋಡಬೇಕು. ಬರೀ ಅಂಕಿ ಕೊಟ್ಟರೆ ತೆಗೆದುಕೊಳ್ಳುವುದೇ ಇಲ್ಲ. ಮೂರು ಎಂದರೆ ಮೂರು ಏನು, ಇಂಚೋ ಮಿಲಿಮೀಟರೋ, ಹೇಳಿದ ಮೇಲೆಯೇ ಒಂದನ್ನು ಇನ್ನೊಂದಕ್ಕೆ ತಿರುಗಿಸುತ್ತದೆ. ಇಂಚಿಗೆ ಗ್ರಾಂ ಕೂಡಿಸು ಎಂದರೆ ಜಗಳಕ್ಕೇ ನಿಲ್ಲುತ್ತದಂತೆ. ಮೈಲಿ, ಗಜ ಎಲ್ಲ ಬಲ್ಲ ಆ ಪಂಡಿತನಿಗೆ ನಮ್ಮ ನೂಲಿನ ಅಳತೆ ಮಾತ್ರ ಗೊತ್ತಿಲ್ಲ. ನಾವೇ ಹೇಳಿಕೊಡಬೇಕು.

ಮುನ್ನೀ ಅಬ್ಬಾನನ್ನು ಕೇಳಿದಳು, ಒಂದು ನೂಲು ಅಂದರೆ ಎಷ್ಟು ಎಂದು. ಅವರು ನಕ್ಕುಬಿಟ್ಟರು. ಇಂಚಿಗೆ ಹದಿನಾರು ನೂಲು, ಬೊಂಬೆ ಕೆಲಸದವರ ಮನೆಯಲ್ಲಿ ಹುಟ್ಟಿ ಇದೂ ಗೊತ್ತಿಲ್ಲವೇ ಎಂದರು. ಆಗ ಮರ ಕುಯ್ಯುತ್ತಿದ್ದ ನಮ್ಮ ಅಕ್ಕೂರಿನ ಗಂಗಯ್ಯ ಕೆಲಸ ನಿಲ್ಲಿಸಿ, "ಎಂಟಲ್ವಾ ಸಾಹೇಬ್ರೆ? ಮುನಾವರಪ್ಪ ಇಂಚಿಗೆ ಎಂಟೇ ನೂಲು ಅಂತಿದ್ರು. ರಾಮನಗರದಾಗೆ ಅವ್ರ ಮಾವನ ತಾವ ರಾಟೆ ಮಾಡೋದು ಕಲಿತ್ರಲ್ಲ, ಅಲ್ಲಿ ಹಂಗೇ ಐತಂತೆ," ಎಂದ. ಅಬ್ಬಾ ಒಪ್ಪುತ್ತಾರೆಯೇ? ತಾವು ಹಿಡಿದ ಮೊಲಕ್ಕೆ ಮೂರೇ ಕಾಲು. ಮುನ್ನೀ ನನ್ನ ಅಣ್ಣನಿಗೇ ಫೋನ್ ಹಚ್ಚಿದಳು. ರೇಷ್ಮೆ ರಾಟೆಯವರಿಗೆ ತಲತಲಾಂತರದಿಂದ ಎಂಟೇ ಅಂದ ಅವನು.

ಅಬ್ಬಾ ಎದ್ದು ಅಟ್ಟ ಹತ್ತಿದರು. ನೀನು ಕೊರೆದು ಹಾಳಾಯಿತೆಂದು ಎಸೆದಿದ್ದ ಆಟಿಕೆ ಬಂಡಿ ಚಕ್ರಗಳ ಮೂಟೆ ಇಳಿಸಿದರು. ನೀನು ಸಿಟ್ಟು ಮಾಡಿಕೊಂಡು ಹೋದ ಆ ದಿನ ಅವರು ಮೂರು ನೂಲು ತೂತು ಹಾಕು ಎಂದಿದ್ದರು, ನೀನು ನಿನ್ನ ಮೂರು ನೂಲು ಹಾಕಿದೆ. ಅದು ಅವರದರ ಎರಡರಷ್ಟು ಅಗಲ, ಅಚ್ಚಿನಲ್ಲಿ ಚಕ್ರ ಲಟಪಟ ಅಲುಗಾಡಿತು. ಯಾಕಿಷ್ಟು ದೊಡ್ಡದು ಎಂದು ನಿನಗೂ ಅನ್ನಿಸಿರಬೇಕು, ಆದರೆ ಈ ಮನೆಯಲ್ಲಿ ಅಬ್ಬಾನನ್ನು ಎರಡನೇ ಸಲ ಕೇಳುವ ಧೈರ್ಯ ಯಾರಿಗಿದೆ? ಕೆಲಸಗಾರರೆಲ್ಲರ ಎದುರಿಗೆ "ನಿನ್ನ ಕೈಲಿ ಬರ್ಕತ್ತಿಲ್ಲ, ಮುಟ್ಟಿದ್ದೆಲ್ಲ ಹಾಳು" ಎಂದುಬಿಟ್ಟರು. ಆ ಮಾತನ್ನು ನಾನು ಇವತ್ತಿಗೂ ಮರೆತಿಲ್ಲ ಮಗನೇ. ಈಗ ಅವರು ಒಂದೊಂದು ಚಕ್ರವನ್ನೂ ಹಿಡಿದು ಅಳೆದರು. ಎಲ್ಲವೂ ನಿನ್ನ ಲೆಕ್ಕಕ್ಕೆ ಸರಿಯಾಗಿದ್ದವು, ಒಂದರಲ್ಲೂ ಕೂದಲೆಳೆಯಷ್ಟು ಹೆಚ್ಚುಕಡಿಮೆ ಇರಲಿಲ್ಲ. ಅವರು ಗಂಗಯ್ಯನಿಗೆ, "ಇಷ್ಟು ನೇರ ನಂಗೂ ಬರಾಕಿಲ್ಲ ಕಣಯ್ಯ" ಎಂದು ಹೇಳಿದ್ದನ್ನು ನನ್ನ ಕಿವಿಯಾರೆ ಕೇಳಿದೆ. ಆಮೇಲೆ ಊಟಕ್ಕೂ ಬರಲಿಲ್ಲ.

ಮುನ್ನೀ ಕಂಪ್ಯೂಟರಿಗೆ ಎರಡು ಹೆಸರು ಕಲಿಸಿದ್ದಾಳೆ. ಒಂದು ಅಬ್ಬಾ ನೂಲು, ಇನ್ನೊಂದು ಮುನಾವರ್ ನೂಲು. ಎರಡೂ ಸರಿಯೇ ಅಮ್ಮೀ, ಹೆಸರು ಮಾತ್ರ ಬೇರೆ ಇರಬೇಕಿತ್ತು ಎನ್ನುತ್ತಾಳೆ. ನಿನ್ನ ಕೈ ಕೆಟ್ಟದ್ದಲ್ಲ ಕಂದಾ. ಅದನ್ನು ನಂಬಿಕೊಂಡು ನೀನು ಅಲ್ಲಿ ಕೊರಗುತ್ತಿದ್ದರೆ ಇವತ್ತಿಗೆ ಬಿಟ್ಟುಬಿಡು.

ಅಲ್ಲಾಹ್ ನಿನ್ನ ಕೈಗೂ ಕಣ್ಣಿಗೂ ಬೆಳಕು ಕೊಡಲಿ. ಗಂಗಯ್ಯ ನಿನ್ನ ಕ್ಷೇಮ ಕೇಳಿದ ಎಂದು ತಿಳಿ, ಮುನ್ನೀಯ ಸಲಾಂ.

ನಿನ್ನ ಅಮ್ಮಿ,
ಶರ್ಫುನ್ನೀಸಾ

ವಿ.ಸೂ.: ಸ್ಟಾಂಪು ಹಚ್ಚುತ್ತಿದ್ದೆ, ಅಬ್ಬಾ ಕಾಗದ ಕೊಡು ಎಂದು ಚಪ್ಪಲಿ ಮೆಟ್ಟಿ ನಿಂತಿದ್ದಾರೆ. ಹೊಸೂರಿಗೆ ತಾವೇ ತರುತ್ತಾರಂತೆ. ವಾಚ್‌ಮನ್ ಕೈಗೆ ಕೊಟ್ಟು ಗೇಟಿನ ಹೊರಗೇ ನಿಂತಿರುತ್ತಾರೆ, ನೀನು ಕರೆಯದೆ ಒಳಗೆ ಕಾಲಿಡುವವರಲ್ಲ. ತಪ್ಪಾಯಿತು ಎನ್ನಲು ಅವರಿಗೆ ಬಾಯಿ ಬರುವುದಿಲ್ಲ, ಕಾಯಬೇಡ. ಬೆಳಿಗ್ಗೆಯಿಂದ ಏನೂ ತಿಂದಿಲ್ಲ. ಬೇಗ ಹೋಗಪ್ಪಾ, ಮೊದಲು ಊಟಕ್ಕೆ ಕರೆದುಕೊಂಡು ಹೋಗು.